ಸುಣ್ಣದ ಪಟ್ಟೆಯ ಮಡಕೆ

ಶಿವರಾತ್ರಿ ಕಳೆದು, ಚಳಿ ಬಿಟ್ಟು, ಬಿಸಿಲು ಇನ್ನೂ ಕಚ್ಚಲು ಶುರುಮಾಡದ ದಿನಗಳು. ದೀಪ ಹಚ್ಚುವ ಹೊತ್ತು. ದೊಡ್ಡಬಳ್ಳಾಪುರದ ನೇಕಾರರ ಬೀದಿಯಲ್ಲಿ ಮಗ್ಗಗಳ ಸದ್ದು ಒಂದೊಂದಾಗಿ ಅಡಗಿ, ಮನೆಮನೆಯಲ್ಲೂ ತಟ್ಟೆ ಇಡುವ ಸದ್ದು ಎದ್ದಿತ್ತು. ಪಿಳ್ಳಪ್ಪ ಮಗ್ಗದ ಗುಂಡಿಯಿಂದ ಮೇಲೆ ಬಂದು, ಕಾಲು ತೊಳೆದು, ತಟ್ಟೆಯ ಮುಂದೆ ಕೂತು ಸಾರಿನಲ್ಲಿ ಬೆರಳಾಡಿಸಿದ. ಬೆರಳಿಗೆ ಸಿಕ್ಕಿದ್ದು ಒಣ ಬದನೆಕಾಯಿ.

ನಿನ್ನೆಯೂ ಅದೇ ಸಿಕ್ಕಿತ್ತು. ಮೊನ್ನೆಯೂ ಅದೇ.

ಅದು ಯುದ್ಧದ ಕಾಲ. ಪೇಟೆಯಲ್ಲಿ ಅಕ್ಕಿ ಇದೆ ಎಂದು ಎಲ್ಲರೂ ಹೇಳುತ್ತಿದ್ದರು, ಕಂಡವರು ಯಾರೂ ಇರಲಿಲ್ಲ. ಸುತ್ತಲ ಹಳ್ಳಿಗಳ ತರಕಾರಿಯೆಲ್ಲ ಗಾಡಿ ಹತ್ತಿ ಬೆಂಗಳೂರಿನ ದಂಡಿನ ಸೈನಿಕರಿಗೆ ಹೋಗುತ್ತಿತ್ತು. ಹಾಗಾಗಿ ಪಿಳ್ಳಪ್ಪನ ಮನೆಗೆ ಅಟ್ಟದ ಮೇಲಿನ ಮಡಕೆಗಳೇ ತೋಟ, ಅವೇ ಸಂತೆ. ಒಣ ಅವರೆಕಾಳು, ಉಪ್ಪು ಮೆಣಸಿನಕಾಯಿ, ಬೂದುಗುಂಬಳದ ಸಂಡಿಗೆ, ಹುಣಸೆಹಣ್ಣಿನ ಉಂಡೆ, ಸಾರಿನ ಪುಡಿ, ಹೀಗೆ ವರ್ಷವಿಡೀ ಒಲೆ ಆರದಂತೆ ಅವನ ಹೆಂಡತಿ ನಾರಾಯಣಮ್ಮ ಒಣಗಿಸಿ, ಕುಟ್ಟಿ, ಬಾಯಿ ಕಟ್ಟಿ ಇಟ್ಟಿದ್ದಳು. ಬದನೆಕಾಯಿ ಮಾತ್ರ ಕೈಮೀರಿ ಹೋಗಿತ್ತು. ಹೋದ ವರ್ಷ ಅಗ್ಗಕ್ಕೆ ಸಿಕ್ಕಿತೆಂದು ಗುಡಾಣದ ತುಂಬ ಒಣಗಿಸಿಬಿಟ್ಟಿದ್ದಳು.

ಪಿಳ್ಳಪ್ಪನಿಗೆ ಸಿಟ್ಟು ಬರಲು ಕಾರಣ ಬೇಕಾಗಿರಲಿಲ್ಲ. ಅವತ್ತು ಕಾರಣವೂ ಇತ್ತು. ಹೋಳನ್ನು ಎರಡು ಬೆರಳಲ್ಲಿ ಎತ್ತಿ ದೀಪಕ್ಕೆ ಹಿಡಿದು, "ಇದು ಬದನೆಕಾಯೋ, ಹಳೇ ಚಪ್ಪಲಿ ಅಟ್ಟೆಯೋ?" ಎಂದ.

"ಚಪ್ಪಲಿ ಆಗಿದ್ರೆ ಇಷ್ಟೊತ್ತಿಗೆ ಸವೆದಿರೋದು," ಎಂದಳು ನಾರಾಯಣಮ್ಮ.

ಮಾತು ಅಲ್ಲಿಗೆ ನಿಲ್ಲಬಹುದಿತ್ತು. ಪಿಳ್ಳಪ್ಪ ತಟ್ಟೆ ತಳ್ಳಿದ. ಮಡಕೆಯಿಂದ ತೆಗೆದು ನೀರಿಗೆ ಹಾಕಿ ಬೇಯಿಸುವುದೂ ಒಂದು ಅಡುಗೆಯೇ, ಮಗ್ಗದ ಕೋಲಿಗೆ ಹೇಳಿದರೂ ಮಾಡೀತು ಎಂದ. ಅವಳ ತವರಿನ ಅಡುಗೆಯನ್ನೂ ಎಳೆದು ತಂದ. ನಾರಾಯಣಮ್ಮ ಕೂಗಾಡುವ ಹೆಂಗಸಲ್ಲ. ಅವಳು ಕೈ ಒರೆಸಿಕೊಂಡು, ಒಲೆಯ ಉರಿ ಹಿಂದಕ್ಕೆಳೆದು, ಎದ್ದು ನಿಂತಳು.

"ನಾಳೆ ಹಾಸು ಚಾಚೋ ದಿನ ಅಲ್ವಾ. ಅಡುಗೆ ನೀವೇ ಮಾಡಿ. ಉಂಡೋರಲ್ಲಿ ಒಬ್ಬರಾದ್ರೂ ಚೆನ್ನಾಗಿತ್ತು ಅಂದ್ರೆ, ಇನ್ನು ನಿಮ್ಮ ಮುಂದೆ ನಾನು ಬಾಯಿ ತೆಗೆಯೋದಿಲ್ಲ. ಅನ್ನದೆ ಎದ್ದು ಹೋದ್ರೆ, ಆ ಗುಡಾಣದಲ್ಲಿರೋ ಬದನೆಕಾಯಿ ಮುಗಿಯೋವರೆಗೂ ಉಸಿರೆತ್ತದೆ ಉಣ್ಬೇಕು."

"ಆಗ್ಲಿ ಹೋಗೇ," ಎಂದ ಪಿಳ್ಳಪ್ಪ.

ಅಂದದ್ದು ಸುಲಭ. ಹಾಸು ಎಂದರೆ ಒಬ್ಬನ ಕೈಯಲ್ಲಿ ಆಗುವ ಕೆಲಸವಲ್ಲ. ಸೀರೆಯ ಉದ್ದದ ನೂಲನ್ನೆಲ್ಲ ಬೀದಿಯ ಈ ಕಡೆಯಿಂದ ಆ ಕಡೆಗೆ ಬಿಗಿದು ಕಟ್ಟಿ, ಗಂಜಿ ಬಳಿದು, ಎರಡೂ ಮಗ್ಗುಲಲ್ಲಿ ಜನ ನಿಂತು ಕುಂಚದಿಂದ ತೀಡುತ್ತ ಒಣಗಿಸಬೇಕು. ಕೈ ಕಡಿಮೆಯಾದರೆ ಎಳೆಗೆ ಎಳೆ ಅಂಟಿಕೊಂಡು ಹಾಸು ಹಗ್ಗವಾಗುತ್ತದೆ. ಅದಕ್ಕೇ ಒಬ್ಬರ ಮನೆಯ ಹಾಸಿನ ಕೆಲಸಕ್ಕೆ ಬೀದಿಯೇ ಬರುತ್ತದೆ. ಕೂಲಿ ಇಲ್ಲ, ಆ ಮನೆಯಲ್ಲಿ ಊಟ. ಉಣ್ಣುವವನು ಸಾಕು ಎಂದು ಎಲೆಗೆ ಕೈ ಅಡ್ಡ ಹಿಡಿಯುವ ತನಕ ಬಡಿಸಬೇಕು. ಊಟದಲ್ಲಿ ಜಿಪುಣತನ ಮಾಡಿದವನ ಮನೆಗೆ ಮುಂದಿನ ಹಾಸಿನ ದಿನ ಯಾರೂ ಬರುವುದಿಲ್ಲ. ಯಾರೂ ಬರದಿದ್ದರೆ ಅವನ ಮಗ್ಗದಲ್ಲಿ ಜೇಡ ಬಂದು ನೇಯಬೇಕು, ಅಷ್ಟೆ.

ಬೆಳಗಿನ ಜಾವವೇ ನಾರಾಯಣಮ್ಮ ಹುಣಸೆಹಣ್ಣಿನ ಮೊರ ಎತ್ತಿಕೊಂಡು ಬೀದಿಯ ಕೊನೆಯಲ್ಲಿದ್ದ ಅಕ್ಕ ಅಮ್ಮಯಮ್ಮನ ಮನೆಗೆ ಹೋದಳು. ಅಲ್ಲಿ ಜಗಲಿಯ ಮೇಲೆ ಕೂತು ಹಣ್ಣಿನ ನಾರು ಬಿಡಿಸತೊಡಗಿದಳು. ಆ ಜಗಲಿಯಿಂದ ಪಿಳ್ಳಪ್ಪನ ಬಾಗಿಲು ಚೆನ್ನಾಗಿ ಕಾಣುತ್ತಿತ್ತು.

ಪಿಳ್ಳಪ್ಪ ಗಂಜಿ ಕಾಯಿಸಿದ. ಆ ಬೀದಿಯಲ್ಲಿ ಗಂಜಿಯ ಹಿಟ್ಟಿಗೆ ಹುಳು ಬೀಳದಂತೆ ನೀಲಿ ಬಣ್ಣದ ಮೈಲುತುತ್ತ ಬೆರೆಸುತ್ತಿದ್ದರು. ಅದು ವಿಷ. ಅದಕ್ಕಾಗಿ ಆ ಹಿಟ್ಟಿನ ಮಡಕೆಯ ಕೊರಳ ಸುತ್ತ ಸುಣ್ಣದ ಪಟ್ಟೆ ಬಳಿದು ಮಗ್ಗದ ಪಕ್ಕದಲ್ಲೇ ಇಡುತ್ತಿದ್ದರು. ಸುಣ್ಣದ ಪಟ್ಟೆ ಕಂಡರೆ ಮಕ್ಕಳೂ ಕೈ ಹಾಕುತ್ತಿರಲಿಲ್ಲ. ಆ ಮಡಕೆಯನ್ನು ಬರಿದು ಮಾಡಿ ಪಿಳ್ಳಪ್ಪ ಗಂಜಿಯನ್ನು ಹೊರಗೆ ತಂದಿಟ್ಟಾಗ ಬೀದಿಯ ಜನ ಕುಂಚ ಹಿಡಿದು ನಿಂತಿದ್ದರು.

ಎಲ್ಲರಿಗಿಂತ ಮುಂದೆ ಎದುರುಮನೆಯ ಗಂಗಣ್ಣ. ಪಿಳ್ಳಪ್ಪನ ಓರಗೆಯವನು, ಒಂದೇ ಜಗಲಿಯಲ್ಲಿ ಆಡಿ ಬೆಳೆದವನು, ಆದ್ದರಿಂದ ಅವನನ್ನು ರೇಗಿಸುವುದು ತನ್ನ ಹಕ್ಕೆಂದು ತಿಳಿದವನು. ಅವನು ಮೊದಲು ಬೀದಿಯ ಕೊನೆಯ ಜಗಲಿಯನ್ನು ನೋಡಿದ, ಆಮೇಲೆ ಪಿಳ್ಳಪ್ಪನ ಮುಖ ನೋಡಿದ.

"ಲೇ ಪಿಳ್ಳಪ್ಪ, ಇವತ್ತು ಊಟ ನಮಗೋ, ನಿನ್ನ ಒಲೆಗೋ?"

ಪಿಳ್ಳಪ್ಪ ಗಂಜಿಯ ಪಾತ್ರೆಯನ್ನು ಅವನ ಮುಂದಕ್ಕೆ ತಳ್ಳಿದ. ಪಕ್ಕದ ಮನೆಯ ಮುದುಕಿ ಮುನಿಲಕ್ಷ್ಮಮ್ಮ ಕುಂಚ ಹಿಡಿಯುವ ವಯಸ್ಸು ದಾಟಿದ್ದರಿಂದ ಬುದ್ಧಿ ಹೇಳಲು ಬಂದಿದ್ದಳು. ಹೆಂಡತಿಯ ಕೈಕಾಲು ಹಿಡಿದು ಕರೆದುಕೊಂಡು ಬಾ ಎಂದಳು. ಅದಾಗದಿದ್ದರೆ ಅವರೆಕಾಳನ್ನು ರಾತ್ರಿಯೇ ನೆನೆಹಾಕಿದ್ದೀಯೋ ಇಲ್ಲವೋ ಎಂದು ಕೇಳಿದಳು. ಅವರೆಕಾಳು ನೆನೆಯಬೇಕೆಂಬುದೇ ಪಿಳ್ಳಪ್ಪನಿಗೆ ಆಗ ತಿಳಿದದ್ದು. "ನೆನೆದಿದೆ, ಎಲ್ಲಾ ನೆನೆದಿದೆ" ಎಂದು ಗದರಿ ಒಳಗೆ ಹೋದ.

ಕಾಳು ಕೆರೆಯ ಕಲ್ಲಿನಂತಿತ್ತು. ಒಲೆಯ ಮೇಲೆ ಕುದಿಸಿದಷ್ಟೂ ಅದು ಪಾತ್ರೆಯೊಳಗೆ ಗೋಲಿಯಾಡಿತು. ಕಿಟಕಿಯಲ್ಲಿ ಗಂಗಣ್ಣನ ತಲೆ ಬಂದು, "ಏನೋ ಅದು, ಸದ್ದು ಬರ್ತಾ ಇದೆ" ಎಂದು ವಿಚಾರಿಸಿಕೊಂಡು ಹೋಯಿತು. ಪಿಳ್ಳಪ್ಪ ಕಾಳನ್ನೆಲ್ಲ ಬಸಿದು ಒರಳಿಗೆ ಸುರಿದು, ಹಿಂದಿನ ರಾತ್ರಿಯಿಂದ ಕೂಡಿಟ್ಟ ಸಿಟ್ಟನ್ನೆಲ್ಲ ಒನಕೆಗೆ ಕೊಟ್ಟು ಕುಟ್ಟಿದ. ಮನೆಯ ಗೋಡೆ ಅದುರಿತು. ಕಾಳು ಪುಡಿಯಾಯಿತು. ಪುಡಿಗೆ ಹುಣಸೆಹಣ್ಣು, ಸಾರಿನ ಪುಡಿ ಸೇರಿ ಕುದಿದಾಗ ಮಾತ್ರ ಮೂಗಿಗೆ ಒಳ್ಳೆಯ ವಾಸನೆ ಬಂತು. ಪಿಳ್ಳಪ್ಪನಿಗೇ ಆಶ್ಚರ್ಯವಾಯಿತು. ಬದನೆಕಾಯಿಯ ಗುಡಾಣದ ಕಡೆ ಅವನು ತಿರುಗಿಯೂ ನೋಡಲಿಲ್ಲ.

ಇನ್ನು ಮುದ್ದೆ ಆಗಬೇಕು. ಅಟ್ಟ ಹತ್ತಿ ರಾಗಿ ಹಿಟ್ಟಿನ ಮಡಕೆಗೆ ಕೈ ಹಾಕಿದರೆ, ಕೈ ತಳಕ್ಕೆ ತಾಗಿತು. ಬೀದಿಯೇ ಉಣ್ಣಲು ಬಂದಿದೆ, ಹಿಟ್ಟು ಒಬ್ಬನಿಗೂ ಸಾಲದು. ಪಿಳ್ಳಪ್ಪ ಹಲ್ಲು ಕಡಿಯುತ್ತ, ಬಗ್ಗಿಕೊಂಡು, ಕತ್ತಲೆಯಲ್ಲಿ ಒಂದೊಂದೇ ಮಡಕೆ ಸರಿಸುತ್ತ ಹಿಂದಿನ ಮೂಲೆಗೆ ಹೋದ. ಅಲ್ಲಿ ಹಳೆಯ ಗೋಣಿಯ ಕೆಳಗೆ, ಒಲೆಯ ಮಸಿ ಹಿಡಿದು ಕರ್ರಗಾಗಿದ್ದ ಒಂದು ದೊಡ್ಡ ಮಡಕೆ ಕೂತಿತ್ತು. ಬಾಯಿ ಬಿಚ್ಚಿದ. ಬೆಳ್ಳಗಿನ ಹಿಟ್ಟು. ನುಣ್ಣಗಿನ ಅಕ್ಕಿ ಹಿಟ್ಟು.

ಅವನಿಗೆ ಮೊದಲು ಖುಷಿಯಾಗಲಿಲ್ಲ, ಸಿಟ್ಟು ಬಂತು. ನೋಡಿದೆಯಾ ಇವಳ ಗುಣ, ಮಡಕೆ ತುಂಬ ಅಕ್ಕಿ ಹಿಟ್ಟು ಬಚ್ಚಿಟ್ಟುಕೊಂಡು ಗಂಡನಿಗೆ ಚಪ್ಪಲಿ ಅಟ್ಟೆ ಬೇಯಿಸಿ ಹಾಕಿದ್ದಾಳಲ್ಲ. ಇವತ್ತು ಇದನ್ನೆಲ್ಲ ಬೀದಿಗೆ ಬಡಿಸಿ, ಅವಳು ಅಕ್ಕನ ಜಗಲಿಯ ಮೇಲೆ ಕೂತು ನೋಡುವಂತೆ ಮಾಡದಿದ್ದರೆ ತಾನು ಪಿಳ್ಳಪ್ಪನೇ ಅಲ್ಲ ಎಂದುಕೊಂಡ.

ಹಿಟ್ಟು ತೊಳಸುವುದರಲ್ಲಿ ಅವನನ್ನು ಮೀರಿಸುವವರಿರಲಿಲ್ಲ. ಹುಟ್ಟಿದಾಗಿನಿಂದ ಗಂಜಿ ಕಾಯಿಸಿದ ಕೈ. ನೂಲಿಗೆ ಬಳಿಯುವ ಗಂಜಿಯಲ್ಲಿ ಒಂದು ಗಂಟಿದ್ದರೂ ಹಾಸು ಕೆಡುತ್ತದೆ. ಕುದಿವ ನೀರಿಗೆ ಹಿಟ್ಟು ಉದುರಿಸಿ, ಕೋಲು ಹಿಡಿದು ತಿರುವಿದ. ಮುದ್ದೆ ಬೆಣ್ಣೆಯ ಉಂಡೆಯಂತೆ ಎದ್ದಿತು. ಉಪ್ಪು ಮೆಣಸಿನಕಾಯಿ, ಸಂಡಿಗೆ ಕರಿದು ಮೊರಕ್ಕೆ ಹಾಕಿ, ಬೆವರು ಒರೆಸಿಕೊಂಡು ಹೊರಗೆ ಬಂದು, ಗೆದ್ದವನಂತೆ ಬೀದಿಯ ಕೊನೆಯ ಕಡೆ ಒಮ್ಮೆ ನೋಡಿದ. ನಾರಾಯಣಮ್ಮ ಹುಣಸೆಹಣ್ಣು ಬಿಡಿಸುತ್ತಲೇ ಇದ್ದಳು.

ಅಷ್ಟರಲ್ಲಿ ಹಾಸಿನ ಕೆಲಸವೂ ಮುಗಿದು, ನೂಲು ಬಿಸಿಲಿಗೆ ಗರಿಗರಿಯಾಗಿ ಒಣಗುತ್ತಿತ್ತು. ಬಡಿಸಲು ಮನೆಯೊಡತಿ ಇಲ್ಲದ್ದರಿಂದ ಎಲ್ಲರೂ ಒಂದೇ ಸಲ ಕೂತರು. ಗಂಡಸರು ಜಗಲಿಯ ಮೇಲೆ, ಹೆಂಗಸರು ಬಾಗಿಲ ಒಳಗೆ. ಜಗಲಿಯ ಆ ಕೊನೆಯಲ್ಲಿ, ತಾನು ಯಾವಾಗಲೂ ಕೂರುವ ಜಾಗದಲ್ಲಿ, ನೂಲಿಗೆ ಬಣ್ಣ ಕಟ್ಟುವ ಮಸ್ತಾನ್ ಸಾಬರು ಕೂತರು. ನೀಲಿ ತೊಟ್ಟಿಯಿಂದಲೇ ಎದ್ದು ಬಂದಿದ್ದರು. ಎಲೆ ಹಾಕುವ ಹೊತ್ತಿಗೆ ಸರಿಯಾಗಿ ಇನ್ನೊಬ್ಬರೂ ಬಂದರು. ಕೋದಂಡರಾಮಯ್ಯ. ಅವರೂ ನೇಕಾರರ ಪೈಕಿಯೇ, ನಾಲ್ಕಕ್ಷರ ಕಲಿತು ಕಚೇರಿ ಸೇರಿ ಗುಮಾಸ್ತರಾಗಿದ್ದರು. ಯಾರ ಮನೆಯಲ್ಲಿ ಎಷ್ಟು ಧಾನ್ಯ ಇದೆ ಎಂದು ಅಟ್ಟ ಹತ್ತಿ ನೋಡಿ, ಹೇಳದೆ ಇಟ್ಟದ್ದನ್ನು ಸರ್ಕಾರಕ್ಕೆ ಎತ್ತಿಕೊಂಡು ಹೋಗುವುದು ಆ ವರ್ಷ ಅವರಿಗೆ ಬಂದಿದ್ದ ಕೆಲಸ. ಬಾಗಿಲಿಗೆ ಬಂದವರನ್ನು ಕೂರಿ ಅನ್ನದೆ ಇರಲಾಗುತ್ತದೆಯೇ. ಪಿಳ್ಳಪ್ಪ ಮೊದಲ ಎಲೆಯನ್ನೇ ಅವರಿಗೆ ಹಾಕಿದ.

ಮೊದಲ ಮುದ್ದೆಗೆ ಮಾತು ನಿಂತಿತು. ಅಕ್ಕಿಯ ಮುಖ ಕಾಣದೆ ತಿಂಗಳುಗಳಾಗಿದ್ದ ಜನ. ಕೋದಂಡರಾಮಯ್ಯನವರು ಮುದ್ದೆಯನ್ನು ಮುರಿದು, ನೋಡಿ, ಮೂಸಿ, ಏನೂ ಹೇಳದೆ ಉಣ್ಣತೊಡಗಿದರು. ಗಂಗಣ್ಣ ಹೊಗಳಬಾರದೆಂದು ಎಷ್ಟು ಹಿಡಿದುಕೊಂಡರೂ, "ಗಂಟೇ ಇಲ್ಲವಲ್ಲೋ ಇದ್ರಲ್ಲಿ" ಎಂದು ಬಾಯಿಬಿಟ್ಟ. ಆಮೇಲೆ, "ಇನ್ನೊಂದು ಹಾಕು" ಎಂದ. ಚೆನ್ನಾಗಿದೆ ಎಂಬ ಮಾತು ಅವನ ನಾಲಿಗೆಯ ತುದಿಯವರೆಗೆ ಬಂದು ಕೂತಿದ್ದನ್ನು ಪಿಳ್ಳಪ್ಪ ಕಣ್ಣಾರೆ ಕಂಡ.

ಪಾತ್ರೆಯಲ್ಲಿದ್ದ ಕೊನೆಯ ಮುದ್ದೆಯನ್ನು ಗಂಗಣ್ಣನ ಎಲೆಗೆ ಹಾಕಿ, ಇನ್ನೊಂದು ಸಲ ತೊಳಸಲು ಪಿಳ್ಳಪ್ಪ ಒಳಗೆ ಓಡಿದ. ಕೈ ಒದ್ದೆಯಿತ್ತು. ಹಿಟ್ಟಿನ ಮಡಕೆಯ ಕೊರಳು ಹಿಡಿದು ಎತ್ತಿದಾಗ ಅಂಗೈಗೆ ಮಸಿ ಬಂತು. ಮಸಿ ಹೋದ ಕಡೆ ಮಡಕೆಯ ಮೇಲೆ ಬೆಳ್ಳಗೆ ಏನೋ ಕಂಡಿತು. ಹೆಬ್ಬೆರಳಿನಿಂದ ಉಜ್ಜಿದ. ಸುಣ್ಣ. ಸುತ್ತಲೂ ಉಜ್ಜಿದ. ಕೊರಳ ಸುತ್ತ ಪಟ್ಟೆ.

ಲಾಳಿ ಸಿಕ್ಕಿಕೊಂಡ ಮಗ್ಗದಂತೆ ಪಿಳ್ಳಪ್ಪ ನಿಂತಲ್ಲೇ ನಿಂತ. ಹಾಗಾದರೆ ಇದು ಬಚ್ಚಿಟ್ಟ ಅಕ್ಕಿ ಹಿಟ್ಟಲ್ಲ. ಹೆಚ್ಚಿಗೆ ಇಟ್ಟ ಗಂಜಿ ಹಿಟ್ಟು. ಮೈಲುತುತ್ತ ಬೆರೆಸಿದ್ದು. ಬೆಳಕಿಗೆ ಹಿಡಿದು ನೋಡಿದರೆ ಹಿಟ್ಟು ನೀಲಿ ಬಣ್ಣ ಹೊಡೆಯುತ್ತಿದೆ ಅನ್ನಿಸಿತು. ಬಾಗಿಲಿಗೆ ಬಂದು ಇಣುಕಿದ. ಮಸ್ತಾನ್ ಸಾಬರ ತುಟಿ ನೀಲಿಯಾಗಿತ್ತು.

ಆಮೇಲೆ ಆದದ್ದು ಕಣ್ಣು ಮಿಟುಕಿಸುವಷ್ಟರಲ್ಲಿ. ಪಿಳ್ಳಪ್ಪ ಜಗಲಿಗೆ ಹಾರಿ, ಗಂಗಣ್ಣ ಮುರಿಯಲು ಕೈಯಿಟ್ಟಿದ್ದ ಮುದ್ದೆಯನ್ನು ಎಲೆಯಿಂದ ಎತ್ತಿ ಬೀದಿಗೆ ಎಸೆದ. ಮಸ್ತಾನ್ ಸಾಬರ ಎಲೆಯನ್ನು ಸುರುಳಿ ಸುತ್ತಿದ. ಕೋದಂಡರಾಮಯ್ಯನವರ ಎಲೆಗೆ ಕೈ ಹಾಕಿದಾಗ ಅವರು ಎರಡು ಕೈಯಲ್ಲೂ ಎಲೆ ಹಿಡಿದುಕೊಂಡರು. ಆ ಕಡೆಯಿಂದ ಗುಮಾಸ್ತರು, ಈ ಕಡೆಯಿಂದ ಪಿಳ್ಳಪ್ಪ ಎಳೆದರು. ಎಲೆ ಹರಿದು ಅರ್ಧ ಅರ್ಧ ಇಬ್ಬರಿಗೂ ಬಂತು, ಸಾರು ಗುಮಾಸ್ತರ ಪಂಚೆಗೆ ಹೋಯಿತು.

ಜಗಲಿಗೆ ಜಗಲಿಯೇ ಎದ್ದು ನಿಂತಿತು. ಬಡಿಸಿದ್ದನ್ನು ಎಲೆಯಿಂದ ಕಿತ್ತುಕೊಂಡ ಮನೆಯನ್ನು ಆ ಬೀದಿ ಅಲ್ಲಿಯವರೆಗೆ ಕಂಡಿರಲಿಲ್ಲ. ಎಲ್ಲರೂ ಒಟ್ಟಿಗೆ ಬೈದರು. ಗಂಗಣ್ಣನ ಮುಖ ಮಾತ್ರ ಬೇರೆಯಾಗಿತ್ತು, ಅದರಲ್ಲಿ ತಮಾಷೆ ಇರಲಿಲ್ಲ.

"ಇನ್ನು ನಾನು ಬದುಕಿರೋವರೆಗೂ ನಿನ್ನ ಹಾಸಿನ ಮುಂದೆ ಕುಂಚ ಹಿಡಿಯಲ್ಲ ಕಣೋ," ಎಂದ. "ಇವರು ಯಾರೂ ಹಿಡಿಯಲ್ಲ. ಒಬ್ಬನೇ ಚಾಚ್ಕೋ, ಒಬ್ಬನೇ ನೇಯ್ಕೋ, ಒಬ್ಬನೇ ಉಟ್ಕೋ."

ಪಿಳ್ಳಪ್ಪನಿಗೂ ಸಿಟ್ಟು ನೆತ್ತಿಗೇರಿತು. ಇವರ ಜೀವ ಉಳಿಸಲು ಹೋದರೆ ಇವರು ಮುದ್ದೆಗಾಗಿ ಬಡಿದಾಡುತ್ತಿದ್ದಾರೆ. "ಬರಬೇಡಿ. ಯಾರೂ ಬರಬೇಡಿ. ಮೊದಲು ಗಂಟಲಿಗೆ ಬೆರಳು ಹಾಕಿ. ನೀವು ಉಂಡಿದ್ದು ಅಟ್ಟದ ಮೇಲಿದ್ದ ಸುಣ್ಣದ ಪಟ್ಟೆ ಮಡಕೆ ಹಿಟ್ಟು."

ಅಲ್ಲಿಯವರೆಗೆ ಗಟ್ಟಿಮುಟ್ಟಾಗಿದ್ದ ಗಂಗಣ್ಣನಿಗೆ ಆ ಕ್ಷಣವೇ ಹೊಟ್ಟೆ ನುಲಿಯತೊಡಗಿತು. ಗಂಡಸರೆಲ್ಲ ಚರಂಡಿಯ ಕಡೆ ಓಡಿದರು. ಮಸ್ತಾನ್ ಸಾಬರು ಮಾತ್ರ, ತುಟಿಯ ನೀಲಿ ತಮ್ಮ ಬೆರಳಿನದು, ಬೆರಳಿನ ನೀಲಿ ಪಿಳ್ಳಪ್ಪನ ನೂಲಿನದೇ ಎಂದು ಹೇಳಿ, ಆದರೂ ಇರಲಿ ಎಂದು ಅವರೂ ಚರಂಡಿಗೆ ಹೋದರು.

ಪಿಳ್ಳಪ್ಪನಿಗೆ ವಿಚಿತ್ರವಾಗಿ ಕಂಡದ್ದು ಹೆಂಗಸರ ಸಾಲು. ಅಲ್ಲಿ ಯಾರೂ ಏಳಲಿಲ್ಲ. ಗಂಗಣ್ಣನ ಹೆಂಡತಿ ಬೈರಮ್ಮ ತಲೆ ತಗ್ಗಿಸಿ ನೆಲ ನೋಡುತ್ತಿದ್ದಳು. ಮುನಿಲಕ್ಷ್ಮಮ್ಮ ನಿಧಾನವಾಗಿ ಮುದ್ದೆ ಮುರಿದು, ಸಾರಿನಲ್ಲಿ ಅದ್ದಿ, ಬಾಯಿಗೆ ಹಾಕಿಕೊಂಡಳು. ಮುದುಕಿಗೆ ಬದುಕು ಸಾಕಾಗಿರಬೇಕು ಎಂದುಕೊಂಡ ಪಿಳ್ಳಪ್ಪ.

ಅಷ್ಟರಲ್ಲಿ ಕೋದಂಡರಾಮಯ್ಯನವರು ಹೊಟ್ಟೆ ಹಿಡಿದುಕೊಂಡೇ ತೀರ್ಪು ಕೊಟ್ಟರು. ಸರ್ಕಾರದ ಮನುಷ್ಯನಿಗೆ ವಿಷ ಹಾಕಿದ್ದಾನೆ, ಠಾಣೆಗೆ ಎಳೆಯಿರಿ ಎಂದರು. ಕೈ ಬಿಡಿಸಿಕೊಂಡು ಓಡಿಹೋದಾನೆಂದು ಗಂಗಣ್ಣ ಹಾಸು ಕಟ್ಟಿ ಉಳಿದಿದ್ದ ಹಗ್ಗ ತಂದು, ಪಿಳ್ಳಪ್ಪನನ್ನು ಅವನ ಹಾಸಿನ ಗೂಟಕ್ಕೇ ಬಿಗಿದ. ಒಂದು ಕಡೆ ನೂಲು, ಒಂದು ಕಡೆ ಪಿಳ್ಳಪ್ಪ, ಗೂಟ ಎರಡನ್ನೂ ಹೊತ್ತು ನಿಂತಿತು.

ಆಗ ನಾರಾಯಣಮ್ಮ ಬಂದಳು. ಓಡಿ ಬಂದಿದ್ದಳು, ಸೆರಗಿಗೆ ಹುಣಸೆಯ ನಾರು ಅಂಟಿತ್ತು. ಗೂಟಕ್ಕೆ ಬಿಗಿದ ಗಂಡನನ್ನು ನೋಡಿದಳು. ಠಾಣೆ ಎನ್ನುತ್ತಿದ್ದ ಗುಮಾಸ್ತರನ್ನು ನೋಡಿದಳು. ಬಾಗಿಲ ಒಳಗಿನಿಂದ ಬೈರಮ್ಮ ಅವಳಿಗೆ ಬೇಡ ಬೇಡ ಎಂದು ತಲೆಯಾಡಿಸಿದಳು. ಅದೂ ಪಿಳ್ಳಪ್ಪನಿಗೆ ಅರ್ಥವಾಗಲಿಲ್ಲ.

ನಾರಾಯಣಮ್ಮ ಒಳಗೆ ಹೋಗಿ ಮಡಕೆಯನ್ನು ಹೊರಗೆ ತಂದಳು. ಎಲ್ಲರೂ ನೋಡುತ್ತಿರುವಂತೆ ಹಿಡಿ ತುಂಬ ಹಿಟ್ಟು ತೆಗೆದು ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿದಳು. ಮೀಸೆಯಂತೆ ಹಿಟ್ಟು ಮೆತ್ತಿಕೊಂಡ ಬಾಯಿಯಲ್ಲೇ ಹೇಳಿದಳು.

"ಇದ್ರಲ್ಲಿ ಯಾವ ವಿಷಾನೂ ಇಲ್ಲ. ಅಕ್ಕಿ ಹಿಟ್ಟು. ಯುಗಾದಿಗೆ ಅಂತ ಇಟ್ಟಿದ್ದೆ. ಕಚೇರಿಯೋರು ಅಟ್ಟ ಹತ್ತಿದ್ರೆ ಮುಟ್ಟದೆ ಇರ್ಲಿ ಅಂತ ಪಟ್ಟೆ ನಾನೇ ಬಳಿದೆ. ಅವರನ್ನ ಬಿಚ್ಚಿ."

ಗಂಗಣ್ಣನ ಹೊಟ್ಟೆನೋವು ಬಂದ ಹಾಗೇ ಹೋಯಿತು. ಕೋದಂಡರಾಮಯ್ಯನವರು ಹೊಟ್ಟೆಯಿಂದ ಕೈ ತೆಗೆದು, ಪಂಚೆ ಸರಿಮಾಡಿಕೊಂಡು, ಜಗಲಿಗೆ ಹೋಗಿ ಕೂತರು. ಅಕ್ಕ ಮುದ್ದೆ ಬಡಿಸಿದರೆ ಉಣ್ಣುವ ತಮ್ಮನ ಹಾಗೆ ಮೆತ್ತಗೆ ಮಾತಾಡಿದರು. ಅಕ್ಕಿ ಹಿಟ್ಟೆಂದು ಮೊದಲ ತುತ್ತಿಗೇ ಗೊತ್ತಾಗಿತ್ತಂತೆ, ಉಂಡಾದ ಮೇಲೆ ಕೇಳೋಣ ಎಂದು ಸುಮ್ಮನಿದ್ದರಂತೆ. ಇನ್ನೊಂದು ಎಲೆ ಹಾಕು ಎಂದರು. ನಾರಾಯಣಮ್ಮ ಒಲೆಗೆ ಹೋಗಿ ಮತ್ತೆ ಹಿಟ್ಟು ತೊಳಸಿ ಬಡಿಸಿದಳು. ಗುಮಾಸ್ತರು ಉಂಡು, ಕೈ ತೊಳೆದು, ತೇಗಿ, ಇನ್ನೂ ಗೂಟದಲ್ಲೇ ಇದ್ದ ಪಿಳ್ಳಪ್ಪನ ಕಡೆ ತಿರುಗಿದರು.

"ಮೊದಲು ನೀನು ಮಾಡಿದ್ದೇ ಇನ್ನೂ ಮೆತ್ತಗಿತ್ತು. ಊಟ ಚೆನ್ನಾಗಿತ್ತು, ಪಿಳ್ಳಪ್ಪ."

ಪಿಳ್ಳಪ್ಪ ಗೆದ್ದದ್ದು ಆ ಗಳಿಗೆಯಲ್ಲಿ. ಮೀಸೆ ಮುಟ್ಟಿಕೊಳ್ಳಲು ಕೈ ಬಿಡುವಿರಲಿಲ್ಲ.

ಗುಮಾಸ್ತರು ಆ ಮಡಕೆಯೊಂದನ್ನೇ ಎತ್ತಿಕೊಂಡು ಹೋಗಿದ್ದರೆ ಒಂದು ಮನೆಯ ನಷ್ಟವಾಗುತ್ತಿತ್ತು. ಅವರು ಅಷ್ಟಕ್ಕೇ ಹೋಗಲಿಲ್ಲ. ಮಡಕೆಯ ಕೊರಳನ್ನೇ ನೋಡುತ್ತ ಸ್ವಲ್ಪ ಹೊತ್ತು ಕೂತರು. ಆಮೇಲೆ ಬಾಗಿಲ ಒಳಗಿನ ಹೆಂಗಸರ ಸಾಲನ್ನು ನೋಡಿದರು. ವಿಷ ಎಂದಾಗ ಆ ಸಾಲಿನಲ್ಲಿ ಯಾರೂ ಎದ್ದಿರಲಿಲ್ಲ ಎಂಬುದು ಅವರಿಗೂ ನೆನಪಾಯಿತೆಂದು ಕಾಣುತ್ತದೆ. ಎದ್ದು ನೇರವಾಗಿ ಗಂಗಣ್ಣನ ಮನೆಗೆ ಹೋಗಿ ಅಟ್ಟ ಹತ್ತಿದರು. ಗೋಣಿಯ ಕೆಳಗೆ ಸುಣ್ಣದ ಪಟ್ಟೆಯ ಮಡಕೆ, ಅದರೊಳಗೆ ಅಕ್ಕಿ. ಮುನಿಲಕ್ಷ್ಮಮ್ಮನ ಮನೆಯಲ್ಲಿ ಎರಡು. ಅಮ್ಮಯಮ್ಮನ ಮನೆಯಲ್ಲಿ ಪಟ್ಟೆಯ ಸುಣ್ಣ ಇನ್ನೂ ಹಸಿಯಾಗಿತ್ತು. ಬೀದಿಯ ಹೆಂಗಸರೆಲ್ಲ ಬಾವಿಕಟ್ಟೆಯಲ್ಲಿ ಮಾತಾಡಿಕೊಂಡು ಮಾಡಿದ್ದ ಉಪಾಯ, ಗಂಡಸರಿಗೆ ಹೇಳಿದರೆ ಬಾಯಿಬಿಡುತ್ತಾರೆಂದು ಗುಟ್ಟಾಗಿಟ್ಟಿದ್ದರು. ಗುಮಾಸ್ತರು ಗಾಡಿ ತರಿಸಿ, ಪಿಳ್ಳಪ್ಪನ ಮಡಕೆಯ ಜೊತೆಗೆ ಅವನ್ನೆಲ್ಲ ಹೇರಿದರು. ಗುಮಾಸ್ತರ ಮನೆಯೂ ಅದೇ ಬೀದಿಯ ಹಿಂದೆಯೇ ಇತ್ತು. ಅವರ ಅಟ್ಟವನ್ನು ಯಾರು ಹತ್ತಿ ನೋಡಬೇಕೆಂದು ಕೇಳುವ ಧೈರ್ಯ ಯಾರಿಗೂ ಬರಲಿಲ್ಲ.

ಪಿಳ್ಳಪ್ಪನನ್ನು ಬಿಚ್ಚಿದ್ದು ಮಸ್ತಾನ್ ಸಾಬರು. "ನಿಮ್ಮ ನೂಲಿಗೆ ಬಣ್ಣ ಕಟ್ಟೋದಂತೂ ಬಿಡಲ್ಲ, ಅದು ನನ್ನ ಕಸುಬು," ಎಂದರು. "ಊಟಕ್ಕೆ ಮಾತ್ರ ಕರೀಬೇಡಿ." ಉಳಿದವರು ಒಬ್ಬೊಬ್ಬರಾಗಿ ಅವನ ಮುಂದೆಯೇ ನೆಲಕ್ಕೆ ಉಗಿದು ತಮ್ಮ ತಮ್ಮ ಬಾಗಿಲು ಹಾಕಿಕೊಂಡರು. ಗಂಗಣ್ಣ ತನ್ನ ಕುಂಚವನ್ನು ಪಿಳ್ಳಪ್ಪನ ಜಗಲಿಯಿಂದ ಎತ್ತಿಕೊಂಡು ಹೋದ.

ಹಾಸು ಅಷ್ಟು ಚೆನ್ನಾಗಿ ಎಂದೂ ಒಣಗಿರಲಿಲ್ಲ. ಬಿಸಿಲು ಇಳಿಯುವ ಮುಂಚೆ ಅದನ್ನು ಸುತ್ತಿ ಒಳಗೆ ತರಬೇಕು, ಇಲ್ಲದಿದ್ದರೆ ಇಬ್ಬನಿಗೆ ಗಂಜಿ ಸಡಿಲವಾಗುತ್ತದೆ. ಸುತ್ತಲು ಎರಡು ತುದಿಗೂ ಜನ ಬೇಕು. ಪಿಳ್ಳಪ್ಪ ಈ ತುದಿ ಹಿಡಿದರೆ ಆ ತುದಿ ಸಡಿಲ, ಆ ತುದಿಗೆ ಓಡಿದರೆ ಈ ತುದಿ ಮಣ್ಣಿಗೆ. ಬಾಗಿಲುಗಳ ಸಂದಿಯಿಂದ ಬೀದಿಯೆಲ್ಲ ನೋಡುತ್ತಿತ್ತು. ಅವನು ಗುಮಾಸ್ತರನ್ನು ಬೈದ, ಗಂಗಣ್ಣನನ್ನು ಬೈದ, ಅವರೆಕಾಳನ್ನು ಬೈದ. ಬೈಯುತ್ತಲೇ ಮತ್ತೊಮ್ಮೆ ಓಡಿ ಬಂದು ನೋಡಿದರೆ, ಆ ತುದಿಯಲ್ಲಿ ನಾರಾಯಣಮ್ಮ ನೂಲು ಎತ್ತಿ ಹಿಡಿದು ನಿಂತಿದ್ದಳು. ಇಬ್ಬರೂ ಸುತ್ತಿದರು. ಸುತ್ತುತ್ತ ಸುತ್ತುತ್ತ ಹತ್ತಿರ ಬಂದರು. ಅವಳು ಮಾತ್ರ ಒಂದು ಮಾತೂ ಆಡಲಿಲ್ಲ. ಆಡಿದ ಮಾತಿಗೆ ತಪ್ಪುವ ಹೆಂಗಸಲ್ಲ ಅವಳು.

ಮಾರನೆಯ ದಿನವೂ ಆಡಲಿಲ್ಲ. ಅದರ ಮಾರನೆಯ ಬೆಳಿಗ್ಗೆ ಅವಳು ಅಟ್ಟ ಹತ್ತಿ, ಅಲ್ಲಿ ಬೇಯಿಸಲು ಇನ್ನೇನೂ ಉಳಿದಿಲ್ಲದ್ದರಿಂದ, ಬದನೆಕಾಯಿಯ ಗುಡಾಣವನ್ನು ಇಳಿಸಿ ಪಿಳ್ಳಪ್ಪನ ಮಗ್ಗದ ಪಕ್ಕದಲ್ಲಿ ಇಟ್ಟಳು. ಅದರ ಕೊರಳ ಸುತ್ತ ಹೊಸದಾಗಿ ಸುಣ್ಣದ ಪಟ್ಟೆ ಬಳಿದಿತ್ತು. ಆಮೇಲೆ ಸೀರೆ ಗಂಟು ಕಂಕುಳಲ್ಲಿ ಇಟ್ಟುಕೊಂಡು, ಪೆಟ್ರೋಲು ಸಿಗದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸು ಹತ್ತಿ, ನಾರಾಯಣಮ್ಮ ಬೂದಿಗೆರೆಯ ತವರಿಗೆ ಹೊರಟುಹೋದಳು. ಅವತ್ತು ಶುಕ್ರವಾರ, ಮನೆಯ ಲಕ್ಷ್ಮಿ ಹೊಸಿಲು ದಾಟಬಾರದ ದಿನ.